ಇಸ್ತ್ರಿಗೆ ಕಪ್ಪಾದ ಟೇಪು

ಮಾರ್ಚ್ 3, ಸೋಮವಾರ

ಸಾರಿ. ಮತ್ತೆ ಬರೆಯುತ್ತಿದ್ದೇನೆ. ಇನ್ನು ಡೈರಿ ಬೇಡ, ಕಾಲೇಜಿನ ರೆಕಾರ್ಡ್ ಬರೆದರೆ ಸಾಕು ಎಂದು ನನಗೆ ನಾನೇ ಹೇಳಿಕೊಂಡು ವಾರವೂ ಆಗಿಲ್ಲ. ಹಾಸ್ಟೆಲಿನಲ್ಲಿ ಲೈಟ್ ಆರುವ ಮುಂಚೆ ಗೀಚಿ ಗೀಚಿ ಅಭ್ಯಾಸವಾದ ಕೈ. ಸುಮ್ಮನಿರುವುದಿಲ್ಲ.

ಕಾಲೇಜಿನ ಟ್ರೈನಿಂಗ್ ಪೋಸ್ಟಿಂಗ್ ನಡೆದಿದೆ. ಆಸ್ಪತ್ರೆಯ ಬೇಸ್‌ಮೆಂಟು, ಸ್ಟೆರಿಲೈಸೇಶನ್ ರೂಮು. ಆಪರೇಶನ್ನಿನ ಬಟ್ಟೆ, ಕತ್ತರಿ, ಚಿಮಟ ಎಲ್ಲ ತೊಳೆದು, ಬಂಡಲ್ ಕಟ್ಟಿ, ಟೇಪ್ ಹಚ್ಚಿ, ಹಬೆಯ ಮಷೀನಿಗೆ ಹಾಕುವುದು. ಟೇಪಿನ ಮೇಲೆ ಮಾಸಲು ಗೆರೆಗಳಿರುತ್ತವೆ. ಹಬೆ ಸರಿಯಾಗಿ ತಗುಲಿದರೆ ಕಪ್ಪಾಗುತ್ತವೆ. ಕಪ್ಪು ಅಂದರೆ ಪಾಸ್. ಮೇಲೆ ಆಪರೇಶನ್ ಥಿಯೇಟರಿನವರು ನೋಡುವುದು ಅದನ್ನೊಂದೇ.

ಇನ್‌ಚಾರ್ಜ್ ನನ್ನ ಚಿಕ್ಕಮ್ಮ. ಪೋಸ್ಟಿಂಗ್ ಮುಗಿಯುವ ತನಕ ಅವಳ ಮನೆಯಲ್ಲೇ ಇದ್ದೇನೆ. ಗೇಟಿನೊಳಗೆ ‘ಸಿಸ್ಟರ್’, ಗೇಟಿನಾಚೆ ‘ಚಿಕ್ಕಮ್ಮ’. ಇವತ್ತು ಒಂದು ಬಂಡಲಿನ ಟೇಪ್ ಬಿಟ್ಟುಕೊಂಡಿತ್ತು. ಮೆಲ್ಲಗೆ ಒತ್ತಿ ಅಂಟಿಸಿದೆ. ಕೈಮೇಲೆ ಪಟ್ಟನೆ ಒಂದು ಏಟು ಬಿತ್ತು.

“ಟೇಪ್ ಬಿಟ್ಟ ಬಂಡಲ್ ಎಂಜಲು ಇದ್ದಂಗೆ ಕಣೇ. ಯಾರೂ ಮುಟ್ಟಂಗಿಲ್ಲ. ವಾಪಸ್ ತೊಳಿಯೋಕೆ.”

ಜೇಬಿನಿಂದ ತನ್ನ ಕತ್ತರಿ ತೆಗೆದು ಆ ಟೇಪನ್ನು ಕಚಕ್ಕನೆ ಕತ್ತರಿಸಿದಳು. ಆ ಕತ್ತರಿಗೆ ದಾರ ಕಟ್ಟಿ ಏಪ್ರನ್ನಿಗೆ ಗಂಟು ಹಾಕಿಕೊಂಡಿದ್ದಾಳೆ. ಬೇರೆ ಯಾರ ಕೈಗೂ ಕೊಡುವುದಿಲ್ಲ. ರಾತ್ರಿ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗ್ತಾರಾ ಎಂದು ಟವರ್ ಕೇಳಿದ. ಟವರ್ ನನ್ನ ಬ್ಯಾಚ್‌ಮೇಟ್. ಬಾಗಿಲು ದಾಟುವಾಗೆಲ್ಲ ತಲೆ ತಗ್ಗಿಸಬೇಕು, ಅದಕ್ಕೇ ಆ ಹೆಸರು.

ಮಾರ್ಚ್ 6, ಗುರುವಾರ

ಮಷೀನಿನ ಬಾಗಿಲಿನ ರಬ್ಬರ್ ಸೀಳಿದೆ. ಹಬೆ ಹೊರಗೆ ಸೋರುತ್ತದೆ, ಒಳಗೆ ಬೇಕಾದಷ್ಟು ಕಾವು ಏರುವುದಿಲ್ಲ. ಹೊಸ ರಬ್ಬರ್ ಕಂಪನಿಯಿಂದಲೇ ಬರಬೇಕಂತೆ.

ಮ್ಯಾನೇಜರ್ ಬೇಸ್‌ಮೆಂಟಿಗೆ ಇಳಿದುಬಂದರು. ನಾನು ನೋಡಿದ್ದು ಇದೇ ಮೊದಲು. ಮೂಗಿಗೆ ಕರ್ಚೀಫು. ನನ್ನನ್ನೂ ಟವರ್‌ನನ್ನೂ ಹೊರಗೆ ಕಳಿಸಿದರು. ಗಾಜಿನಾಚೆ ಅವರು ಮಾತಾಡುತ್ತಲೇ ಇದ್ದರು, ಚಿಕ್ಕಮ್ಮ ತಲೆಯಾಡಿಸುತ್ತಲೇ ಇದ್ದಳು.

ಮನೆಯಲ್ಲಿ ಕೇಳಿದೆ. ಎಲ್ಲ ಸರಿಹೋಗುತ್ತೆ, ನೀನು ನಿನ್ನ ರೆಕಾರ್ಡ್ ಬರಿ ಅಂದಳು. ಊಟಕ್ಕೆ ಕೂತವಳು ಅನ್ನ ಕಲಸಿ ಕಲಸಿ ಹಾಗೇ ಬಿಟ್ಟಳು.

ಮಾರ್ಚ್ 11, ಮಂಗಳವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಇವತ್ತು ಇದೆ.

ಬಂಡಲಿನ ನಡುವೆ ಒಂದು ಕಾಗದದ ಪಟ್ಟಿ ಇಡಬೇಕು ಎಂದು ಕಾಲೇಜಿನಲ್ಲಿ ಕಲಿಸಿದ್ದಾರೆ. ಹಬೆ ಒಳಗಿನ ತನಕ ಹೋದರೆ ಅದೂ ಕಪ್ಪಾಗಬೇಕು. ನಮ್ಮ ರೂಮಿನಲ್ಲಿ ಆ ಪಟ್ಟಿಗೆ ಸ್ಟಾಕ್ ಇಲ್ಲ. ನನ್ನ ಪ್ರಾಕ್ಟಿಕಲ್ ಕಿಟ್‌ನಲ್ಲಿ ಇತ್ತು. ಮಾರ್ಕ್ಸ್ ಹೋಗುತ್ತದೆ ಎಂಬ ಭಯದ ಚಟ... ನಿನ್ನೆ ಒಂದು ಬಂಡಲಿಗೆ ಇಟ್ಟುಬಿಟ್ಟಿದ್ದೆ.

ಆ ಬಂಡಲು ಟ್ರಾಲಿಗೆ ಸಿಕ್ಕಿಕೊಂಡು ಟೇಪ್ ಹರಿದು ವಾಪಸ್ ಬಂತು. ಬಿಚ್ಚಿದೆ. ಹೊರಗಿನ ಟೇಪ್ ಕಪ್ಪಗೆ ಹೊಳೆಯುತ್ತಿದೆ. ಒಳಗಿನ ಪಟ್ಟಿ ನಾನು ಇಟ್ಟಾಗ ಹೇಗಿತ್ತೋ ಹಾಗೇ, ಬಿಳಿ.

ಪಟ್ಟಿಯೇ ಕೆಟ್ಟಿರಬೇಕು ಅಂದುಕೊಂಡೆ. ಸಂಜೆ ಅದೇ ಪ್ಯಾಕೆಟ್ಟಿನ ಇನ್ನೊಂದನ್ನು ಬಟ್ಟೆಯಲ್ಲಿ ಸುತ್ತಿ ಮನೆಯ ಪ್ರೆಶರ್ ಕುಕ್ಕರಿಗೆ ಹಾಕಿದೆ. ಕಪ್ಪಾಯಿತು. ಕುಕ್ಕರ್ ಪಾಸ್, ಆಸ್ಪತ್ರೆ ಫೇಲ್. ನಗು ಬಂತು, ಆಮೇಲೆ ಆ ಬಿಳಿ ಪಟ್ಟಿಯನ್ನು ಡೈರಿಯೊಳಗೆ ಇಟ್ಟುಕೊಂಡೆ.

ಮಧ್ಯಾಹ್ನ ವಾರ್ಡಿಗೆ ಬ್ಯಾಂಡೇಜು ಕೊಡಲು ಹೋಗಿದ್ದೆ. ಡ್ರಾಯಿಂಗ್ ಮೇಷ್ಟ್ರೊಬ್ಬರಿದ್ದಾರೆ, ರಿಟೈರ್ ಆದವರು. ಗುರುವಾರ ಮೊದಲ ಕೇಸ್ ಅವರದೇ, ಮಂಡಿ ಬದಲಾವಣೆ. ಹೊಸ ಮಂಡಿ ಬಂದ ತಕ್ಷಣ ಮೊದಲು ನಿಮ್ಮ ಲಿಫ್ಟಿಗೆ ಒಂದು ಒದೀತೀನಿ, ಯಾವಾಗ ನೋಡಿದರೂ ಕೆಟ್ಟಿರುತ್ತೆ ಎಂದರು. ಪಕ್ಕದ ಬೆಡ್ಡಿನವರು ಹೋದ ವಾರ ಆಪರೇಶನ್ ಆದವರು. ಹೊಲಿಗೆ ಕೀವು ಕಟ್ಟಿದೆ. ಶುಗರ್ ಇರಬೇಕು ಅಂತ ವಾರ್ಡ್ ಸಿಸ್ಟರ್ ಅಂದರು.

ಇರಬಹುದು. ಇಲ್ಲದೆಯೂ ಇರಬಹುದು.

ಮಾರ್ಚ್ 12, ಬುಧವಾರ

ಕ್ಯಾಂಟೀನಿನಲ್ಲಿ ಊಟ ಸೇರಲಿಲ್ಲ. ಬೇಗ ವಾಪಸ್ ಬಂದೆ. ಬಾಗಿಲು ಅರ್ಧ ಹಾಕಿತ್ತು.

ಚಿಕ್ಕಮ್ಮನ ಕೈಯಲ್ಲಿ ಸ್ಟೀಮ್ ಇಸ್ತ್ರಿ ಪೆಟ್ಟಿಗೆ. ಸಾಲಾಗಿ ಬಂಡಲುಗಳು. ಒಂದೊಂದರ ಟೇಪಿನ ಮೇಲೂ ಇಸ್ತ್ರಿ ಒತ್ತುತ್ತಿದ್ದಾಳೆ. ಗೆರೆ ಕಪ್ಪಾಗುತ್ತಿದೆ... ಮುಂದಿನದು... ಅದೂ ಕಪ್ಪು. ಎಷ್ಟು ನೀಟಾಗಿ ಮಾಡುತ್ತಿದ್ದಳು ಅಂದರೆ, ಒಂದು ಗೆರೆಯೂ ಬಿಟ್ಟುಹೋಗದ ಹಾಗೆ.

ಗೇಟಿನೊಳಗೆ ಮೊದಲ ಸಲ “ಚಿಕ್ಕಮ್ಮ” ಅಂದೆ.

ಬೆಚ್ಚಲಿಲ್ಲ. ಇಸ್ತ್ರಿಯನ್ನು ನೆಟ್ಟಗೆ ನಿಲ್ಲಿಸಿದಳು. “ರಬ್ಬರ್ ಬರೋ ತನಕ ಅಷ್ಟೇ. ಥಿಯೇಟರ್ ಒಂದು ದಿನ ಮುಚ್ಚಿದ್ರೂ ಅದು ನನ್ನ ತಲೆಗೇ ಅಂದ್ರು ಮ್ಯಾನೇಜರ್.”

“ಬರೆದು ಕೊಟ್ಟಿದ್ದಾರಾ?”

“ಅಂಥೋರು ಬರೆದು ಕೊಡ್ತಾರಾ?”

ಮೇಷ್ಟ್ರ ಮಂಡಿಯ ವಿಷಯ ಹೇಳಿದೆ. ಮಷೀನ್ ಅಷ್ಟೋ ಇಷ್ಟೋ ಬಿಸಿ ಆಗುತ್ತೆ, ಪೂರ್ತಿ ಸುಳ್ಳೇನಲ್ಲ ಅಂದಳು. ನನ್ನ ಮುಖ ನೋಡಲಿಲ್ಲ. ಆಮೇಲೆ, “ನಿನ್ನ ಪೋಸ್ಟಿಂಗ್ ಪಾಸ್ ಮಾಡೋದೂ ಅವರೇ. ತಲೇಲಿರ್ಲಿ.” ಅದು ಬೆದರಿಕೆಯೋ ಅಕ್ಕರೆಯೋ, ಇನ್ನೂ ಗೊತ್ತಾಗುತ್ತಿಲ್ಲ.

ಟವರ್‌ಗೆ ಹೇಳಿದೆ. “ಬಾಯಿ ಬಿಟ್ರೆ ನೀನು ಔಟು, ನಿಮ್ ಚಿಕ್ಕಮ್ಮ ಔಟು. ಮ್ಯಾನೇಜರ್ ಮಾತ್ರ ನಾಟೌಟು” ಅಂದ. ಆದರೂ ಥಿಯೇಟರಿನ ಬೋರ್ಡ್ ನೋಡಿ ಸರ್ಜನ್ ನಂಬರ್ ತಂದುಕೊಟ್ಟ.

ಹಾಸ್ಟೆಲಿಗೆ ಭಾನುವಾರ ನನ್ನನ್ನು ನೋಡಲು ಬರುತ್ತಿದ್ದವಳು ಇವಳೊಬ್ಬಳೇ. ಬಂದ ಕೂಡಲೇ ನನ್ನ ಉಗುರು ನೋಡುತ್ತಿದ್ದಳು. ಕೊಳೆ ಇದ್ದರೆ ಬೈದು, ತಾನೇ ಕತ್ತರಿಸುತ್ತಿದ್ದಳು. ಅವಳ ಮೇಲೆ ನಾನು ದೂರು...

ಸಂಜೆ ಹೇಳಿಬಿಟ್ಟೆ. ಸರ್ಜನ್‌ಗೆ ತಿಳಿಸ್ತೀನಿ ಚಿಕ್ಕಮ್ಮ. ಅವಳು ಸ್ಟವ್ ಆರಿಸಿದಳು.

ಮಾರ್ಚ್ 13, ಗುರುವಾರ. ಬೆಳಿಗ್ಗೆ 7

ರೂಮಿನಲ್ಲೇ ಕೂತು ಬರೆಯುತ್ತಿದ್ದೇನೆ. ಎಂಟಕ್ಕೆ ಮೇಷ್ಟ್ರ ಕೇಸ್. ಟ್ರಾಲಿ ತುಂಬಿ ನಿಂತಿದೆ. ಎಲ್ಲ ಟೇಪೂ ಕಪ್ಪು.

ಇಲ್ಲಿಗೆ ಬಂದ ಮೇಲೆ ಚಿಕ್ಕಮ್ಮ ಜೇಬಿಗೆ ಕೈ ಹಾಕಿದಳು. ದಾರದ ಗಂಟು ಬಿಚ್ಚಿದಳು. ಕತ್ತರಿಯನ್ನು ಟ್ರಾಲಿಯ ಮೇಲೆ, ನನ್ನ ಕಡೆಗೆ ಇಟ್ಟಳು.

“ಟೀ ಕುಡ್ಕೊಂಡ್ ಬರ್ತೀನಿ” ಅಂದಳು. ಮನೆಯಲ್ಲಿ ಕುಡಿದೇ ಬಂದಿದ್ದೆವು.

ಟೇಪ್ ಕತ್ತರಿಸಿದರೆ ಇವತ್ತಿನದು ನಿಲ್ಲುತ್ತದೆ. ನಾಳೆ ಮತ್ತೆ ಇಸ್ತ್ರಿ. ಅದಕ್ಕೇ ಮೆಸೇಜ್ ಕಳಿಸಿದೆ. ಫೋನಿನಿಂದ ಯಾರಾದರೂ ಅಳಿಸಿಬಿಟ್ಟಾರು, ಇಲ್ಲೂ ಇರಲಿ:

‘ಡಾಕ್ಟರ್, ನಾನು ಸ್ಟೆರಿಲೈಸೇಶನ್ ರೂಮಿನ ಫಸ್ಟ್ ಇಯರ್ ಸ್ಟೂಡೆಂಟ್. ಇವತ್ತಿನ ಬಂಡಲುಗಳು ಸ್ಟೆರೈಲ್ ಅಲ್ಲ. ಮಷೀನ್ ಕೆಟ್ಟಿದೆ. ಟೇಪ್ ಕಪ್ಪಾಗಿರುವುದು ಇಸ್ತ್ರಿಯಿಂದ. ಮಾಡಿಸಿದ್ದು ಮ್ಯಾನೇಜರ್. ಮಾಡಿದ್ದು ಇನ್‌ಚಾರ್ಜ್, ನನ್ನ ಚಿಕ್ಕಮ್ಮ. ಬಿಳಿ ಪಟ್ಟಿ ನನ್ನ ಹತ್ತಿರ ಇದೆ. ಎಂಟರ ಕೇಸಿನ ಮೇಷ್ಟ್ರಿಗೆ ಅನಸ್ತೇಶಿಯಾ ಕೊಡಿಸಬೇಡಿ.’

ಏಳೂವರೆ. ಉತ್ತರ ಇಲ್ಲ. ಮೇಲಿಂದ ಲಿಫ್ಟ್ ಇಳಿಯುವ ಸದ್ದು. ಟ್ರಾಲಿಗೆ ಬರುತ್ತಿದ್ದಾರೆ. ಇನ್ನೊಂದು ಕಳಿಸಿದೆ:

‘ಡಾಕ್ಟರ್, ಕತ್ತರಿ ನನ್ನ ಕೈಯಲ್ಲಿದೆ. ಕತ್ತರಿಸಲು ಶುರು ಮಾಡಿದ್ದೇನೆ. ದಯವಿಟ್ಟು ಬೇಗ ಉತ್ತರ ಕೊಡಿ.’