ಕೈ ಬಿಡದ ಮೊರ

ಡಾಕ್ಟರ್ ಸಾಹೇಬರಿಗೆ ಹೂಲಿಯಿಂದ ಗುರವ್ವನ ಶರಣು.

ನೀವು ಬದಲಿಸಿ ಕೊಟ್ಟ ಪಾರ್ಕಿನ್ಸನ್ ಗುಳಿಗೆಯಿಂದ ನಡುಕ ನಿಂತಿದೆ. ಆದರೆ ಕೈ ಸುಮ್ಮನಿರುವುದಿಲ್ಲ. ಬೆಳಗಿನಿಂದ ಮೊರ ಹಿಡಿದು ಜೋಳ ಹಸನು ಮಾಡುತ್ತೇನೆ. ಹಸನಾದದ್ದನ್ನು ನೆಲಕ್ಕೆ ಸುರಿದು ಮತ್ತೆ ಶುರು ಮಾಡುತ್ತೇನೆ. "ಅತ್ತ್ಯಾರ, ಒಂದು ಹರಳೂ ಉಳದಿಲ್ಲ, ಇನ್ನ ಸಾಕ್ ಮಾಡ್ರಿ" ಎಂದು ಸೊಸೆ ಶೈಲಜಾ ಮೊರಕ್ಕೆ ಕೈಹಾಕಿದರೆ, ಅವಳನ್ನು ಹೊಡೆಯುವಷ್ಟು ಸಿಟ್ಟು ಬರುತ್ತದೆ.

ಮೊನ್ನೆ ಮೊಮ್ಮಗಳನ್ನು ನೋಡಲು ರಾಮದುರ್ಗದವರು ಬಂದಿದ್ದರು. ಮನೆಗೆ ಹಿರಿಯಳಾದ ನಾನು ಎದ್ದು ಮಾತಾಡಿಸಲಿಲ್ಲ. ಮೊರ ಬಿಡಲು ಆಗಲಿಲ್ಲ. "ಮುದುಕಿಗೆ ಎಷ್ಟ್ ಸೊಕ್ಕ ನೋಡ್ರಿ" ಎಂದು ಎದ್ದು ಹೋದರು. ಹುಚ್ಚು ಎನ್ನದೆ ಸೊಕ್ಕು ಎಂದುಕೊಂಡರಲ್ಲ, ಅಷ್ಟೇ ಸಮಾಧಾನ.

ಮಿದುಳಿನಲ್ಲಿ ಕಡಿಮೆಯಾದ ರಸಾಯನದ ಕೆಲಸವನ್ನು ಈ ಗುಳಿಗೆ ಮಾಡುತ್ತದೆ, ಕೆಲವರಿಗೆ ಅದೇ ಇಂಥ ಗೀಳು ಹಚ್ಚುತ್ತದೆ ಎಂದು ನೀವು ಮಗನಿಗೆ ಫೋನಿನಲ್ಲಿ ಹೇಳಿದಿರಂತೆ. ಹಾಗಾದರೆ ಗುಳಿಗೆಯ ಪ್ರಮಾಣ ಇಳಿಸಿರಿ. ನಡುಕ ಮರಳುತ್ತದೆಂದು ಅವನು ಅಂಜುತ್ತಾನೆ, ನಾನು ಅಂಜುವುದಿಲ್ಲ.

ಮುಂಜಾನೆ ಪೂಜೆಯಲ್ಲಿ ಇಷ್ಟಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಳ್ಳಬೇಕು. ಅಷ್ಟು ಹೊತ್ತು ಅಂಗೈ ಅಲುಗದಂತೆ ಔಷಧ ಬರೆಯಿರಿ. ಆಮೇಲೆ ನಡುಗಿದರೆ ನಡುಗಲಿ. ಬಂದವರಿಗೆ ಚೆಲ್ಲಿಕೊಂಡೇ ನೀರು ಕೊಡುತ್ತೇನೆ.

ಇತಿ,
ಗುರವ್ವ