ಅವ್ವ ಕೇರಿದ ಬೂಸಾ

ಲೋ ತಿಮ್ಮೇಶ,

ಗಾಜಿನ ಪೆಟ್ಟಿಗೆಯಲ್ಲಿ ಸಾಕಿರುವ ನಿನ್ನ ಹಲ್ಲಿಗೆ ತಿನ್ನಿಸಲು ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಬೂಸಾ ತುಂಬಿದ ಡಬ್ಬದೊಳಗೆ ಹುಳ ಸಾಕಿದ್ದೆಯಲ್ಲ, ಅದು ಇವತ್ತು ಅವ್ವನ ಕಣ್ಣಿಗೆ ಬಿತ್ತು. ಹಸುವಿನ ಬೂಸಾ ಹುಳ ಹಿಡಿದಿದೆ ಅಂದುಕೊಂಡು ಅಂಗಳಕ್ಕೆ ತಂದು ಮೊರದಲ್ಲಿ ಕೇರಿಬಿಟ್ಟಳು. ಹುಳಗಳೆಲ್ಲ ಪಟಪಟ ಉದುರಿದವು. ಒಂದು ನನ್ನ ಜಡೆಗೇ ಬಿತ್ತು. ಥೂ! ತಲೆಗೆ ನೀರು ಹಾಕಿಕೊಂಡರೂ ಕತ್ತಿನ ಹಿಂದೆ ಏನೋ ಹರಿದಾಡಿದಂತಾಗುತ್ತಿದೆ. ಕೋಳಿಗಳಿಗೆ ಮಾತ್ರ ಹಬ್ಬ.

"ಒಂದ್ ಉಳಾನೂ ಇಲ್ದಂಗೆ ಅಸನ್ ಮಾಡಿವ್ನಿ ಕಣಮ್ಮಿ, ತಿಮ್ಮೇಶಂಗೆ ಯೋಳು" ಎಂದು ಬೀಗುತ್ತಿದ್ದಾಳೆ. ಅವಳ ಮೇಲೆ ಕೂಗಾಡಬೇಡ.

ನಿನ್ನ ಹಲ್ಲಿ ಗಾಜಿಗೆ ಮೂತಿ ಒತ್ತಿಕೊಂಡು ಕೂತಿತ್ತು. ನೋಡಲಾಗದೆ, ಹಲ್ಲು ಕಚ್ಚಿಕೊಂಡು, ಉಳಿದ ಹುಳಗಳನ್ನು ಚಮಚದಲ್ಲಿ ಎತ್ತಿ ಡಬ್ಬಕ್ಕೆ ಹಾಕಿ, ಅವಕ್ಕೆ ತಿನ್ನಲು ಕ್ಯಾರೆಟ್ ಚೂರು ಇಟ್ಟಿದ್ದೇನೆ. ಒಂದೆರಡನ್ನು ಹಲ್ಲಿಯ ಮುಂದೆಯೂ ಹಾಕಿದೆ. ಅದು ನುಂಗುವಾಗ ಮುಖ ತಿರುಗಿಸಿಕೊಂಡೆ. ಇನ್ನು ಆ ಡಬ್ಬ ನಿನ್ನ ಮಂಚದ ಕೆಳಗೇ ಇರಲಿ. ಚಮಚ ಬಿಸಾಡು, ತೊಳೆದು ಅಡುಗೆಮನೆಗೆ ತರಬೇಡ.

ನಾನು ಪಾಂಡವಪುರಕ್ಕೆ ಹೊರಟೆ, ಊಟ ಅಲ್ಲೇ ಮುಗಿಸಿ ಬರುತ್ತೇನೆ. ಅವ್ವ ರಾತ್ರಿಗೆ ಮೊಟ್ಟೆ ಸಾರು ಮಾಡುತ್ತಾಳಂತೆ, ನಮ್ಮ ಕೋಳಿಗಳ ಮೊಟ್ಟೆಯೇ. ನನ್ನ ಪಾಲನ್ನೂ ನೀನೇ ತಿನ್ನು.

ದೀಪಕ್ಕ