ಹದಿನಾಲ್ಕು ಪ್ರಶ್ನೆಗೆ ಬಿದ್ದ ಬೀಗ

ನಾಯಿಗಳ ಹಗಲು ಆರೈಕೆ ಕೇಂದ್ರಗಳಿಗೆ ಪರವಾನಗಿ ನೀಡುವ ಅಧಿಕಾರಿಗಳಿಗೆ

ಮಾನ್ಯರೇ,

ನಮ್ಮ ಬೀದಿಯ ಕೊನೆಯಲ್ಲಿರುವ ಆಯಮ್ಮನ ಅಂಗಳಕ್ಕೆ ನಿಮ್ಮ ಕಚೇರಿ ಹಾಕಿರುವ ಬೀಗವನ್ನು ತೆಗೆಸಬೇಕು. ಆ ಬೀಗ ಬಿದ್ದದ್ದು ನಾನು ಬರೆದ ಕಾಗದದಿಂದ. ನಾನು ಬರೆದದ್ದು ದೂರಲ್ಲ, ಪ್ರಶ್ನೆ. ಎರಡಕ್ಕೂ ವ್ಯತ್ಯಾಸವಿದೆ ಎಂದು ನಾನು ನಂಬಿದ್ದೆ, ನಿಮ್ಮ ಕಚೇರಿ ನನ್ನ ತಪ್ಪು ತಿದ್ದಿದೆ. ಇದನ್ನು ನಿಮಗೆ ಕಳಿಸದೆ ಪತ್ರಿಕೆಗೆ ಕಳಿಸುತ್ತಿರುವುದು ಧೈರ್ಯದಿಂದಲ್ಲ, ಹೆದರಿಕೆಯಿಂದ. ಹಿಂದಿನ ಸಲ ನಿಮಗೊಬ್ಬರಿಗೇ ಬರೆದು ಏನಾಯಿತೆಂದು ಕಂಡಿದ್ದೇನೆ. ಈ ಸಲ ನಾನು ಏನು ಬರೆದೆ ಎನ್ನುವುದಕ್ಕೆ ನಾಲ್ಕು ಜನ ಸಾಕ್ಷಿ ಇರಲಿ.

ನಾನು ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹರಿದ ಹಾಸು, ದಿಂಬಿನ ಚೀಲ, ವೈದ್ಯರ ನಿಲುವಂಗಿಗಳಿಗೆ ತೇಪೆ ಹಾಕುವವಳು. ಶಾಲೆಗೆ ಮೂರು ಸಲ ಸೇರಿ ಮೂರು ಸಲ ಬಿಟ್ಟವಳು. ಏಳನೆಯ ತರಗತಿಯ ಗಣಿತ ಪರೀಕ್ಷೆಯ ದಿನ ತಮ್ಮನಿಗೆ ದಡಾರ ಬಂತು, ನನ್ನ ಗಣಿತ ಇವತ್ತಿಗೂ ಅಲ್ಲೇ ನಿಂತಿದೆ. ಆದರೆ ಚಿಂತೆ ಮಾಡುವುದಕ್ಕೆ ಓದು ಬೇಕಾಗುವುದಿಲ್ಲ. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ಹಿಂತಿರುಗಿ ಬಂದು ನೋಡುತ್ತೇನೆ. ನೋಡಿದ್ದು ನಿಜವೋ ಅಲ್ಲವೋ ಎಂದು ಇನ್ನೊಮ್ಮೆ ಬರುತ್ತೇನೆ. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. "ನಿನ್ನ ತಲೆ ಕೆಟ್ಟ ಲಿಫ್ಟ್ ಇದ್ದ ಹಾಗೆ ಕಣೇ, ಯಾರೂ ಗುಂಡಿ ಒತ್ತದಿದ್ರೂ ಮೇಲೆ ಕೆಳಗೆ ಓಡಾಡ್ತಾನೇ ಇರುತ್ತೆ" ಎನ್ನುತ್ತಾರೆ. ಇಂಥವಳ ಕೈಗೆ ನಿಮ್ಮ ಭಿತ್ತಿಪತ್ರ ಸಿಕ್ಕಿದ್ದೇ ಎಲ್ಲದಕ್ಕೂ ಮೂಲ.

ಭಿತ್ತಿಪತ್ರಕ್ಕೆ ಮೊದಲು ನಾಯಿಯ ವಿಚಾರ ಹೇಳಬೇಕು. ಎರಡು ವರ್ಷದ ಹಿಂದೆ, ಬಿಸಾಡಲು ಕಟ್ಟಿಟ್ಟಿದ್ದ ಹಳೇ ಬಟ್ಟೆಯ ಗಂಟೊಂದು ಬಟ್ಟೆ ಕೋಣೆಯಲ್ಲಿ ತಾನಾಗಿ ಅಲುಗಾಡಿತು. ಬಿಚ್ಚಿದರೆ ಒಳಗೆ ಅಂಗೈಯಗಲದ ಮರಿ. ಚಿಂದಿಯಲ್ಲಿ ಸಿಕ್ಕಿದ್ದರಿಂದ ಚಿಂದಿ ಎಂದೇ ಕರೆದೆವು. ಬೆನ್ನಿನ ಮೇಲೆ ಕೂದಲು ಕಡಿಮೆ, ಹಾಗಾಗಿ ಹಳೇ ಹಾಸಿನಲ್ಲಿ ಅದಕ್ಕೊಂದು ಅಂಗಿ ಹೊಲಿದಿದ್ದೇನೆ. ನಮಗೆ ಮಕ್ಕಳಿಲ್ಲ. ಇದನ್ನು ಕರುಣೆಗಾಗಿ ಹೇಳುತ್ತಿಲ್ಲ, ನಿಮ್ಮ ಕಚೇರಿಯ ಅರ್ಜಿ ನಮೂನೆಯಲ್ಲಿ ಆ ಅಂಕಣವಿದೆ, ತುಂಬಿಸುತ್ತಿದ್ದೇನೆ. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಚಿಂದಿ ಬೊಗಳುತ್ತದೆ. ಮಹಡಿಯ ಮೇಲಿನ ಮನೆಯ ದಾದಿಗೆ ರಾತ್ರಿ ಪಾಳಿ, ಹಗಲು ನಿದ್ದೆ. ಅವಳು ಮನೆ ಮಾಲೀಕರಿಗೆ ಹೇಳಿದಳು, ಮಾಲೀಕರು ನಮಗೆ ಹೇಳಿದರು: "ನೋಡಮ್ಮ, ನಂಗೇನೂ ನಾಯಿ ಮೇಲೆ ದ್ವೇಷ ಇಲ್ಲ. ತಿಂಗಳ ಕೊನೆ ಒಳಗೆ ಅದರ ಬಾಯಿ ಮುಚ್ಚಬೇಕು, ಇಲ್ಲ ನೀವು ಬೇರೆ ಮನೆ ನೋಡ್ಕೋಬೇಕು." ಹಗಲು ಹೊತ್ತು ಬಿಡಲು ಜಾಗ ಹುಡುಕಲೇಬೇಕಾಯಿತು.

ಆಗ ನಮ್ಮ ಆಸ್ಪತ್ರೆಯ ಹೊರರೋಗಿ ವಿಭಾಗದ ಗೋಡೆಯ ಮೇಲೆ ನಿಮ್ಮ ಕಚೇರಿಯ ಭಿತ್ತಿಪತ್ರ ಕಂಡೆ. 'ನಿಮ್ಮ ನಾಯಿಯನ್ನು ಬಿಡುವ ಮುನ್ನ ಈ ಹದಿನಾಲ್ಕು ಪ್ರಶ್ನೆಗಳನ್ನು ತಪ್ಪದೆ ಕೇಳಿ.' ಕೆಳಗೆ ಸಣ್ಣಕ್ಷರದಲ್ಲಿ, 'ಸಂದೇಹವಿದ್ದಲ್ಲಿ ನಮಗೆ ಬರೆಯಿರಿ.' ಮಾನ್ಯರೇ, ಸಂದೇಹವಿದ್ದಲ್ಲಿ ಬರೆಯಿರಿ ಎಂದು ನನ್ನಂಥವಳಿಗೆ ಹೇಳುವುದು ಹಸಿದವನಿಗೆ ರುಚಿ ನೋಡು ಎಂದ ಹಾಗೆ. ಹದಿನಾಲ್ಕನ್ನೂ ಔಷಧಿ ಚೀಟಿಯ ಹಿಂದೆ ಬರೆದುಕೊಂಡು ಆಯಮ್ಮನ ಹತ್ತಿರ ಹೋದೆ.

ಆಯಮ್ಮ ಮೂವತ್ತು ವರ್ಷ ಶಿಶುವಿಹಾರದಲ್ಲಿ ಆಯಾ ಆಗಿದ್ದವರು. ನಿವೃತ್ತಿಯಾದ ಮೇಲೆ ಮನೆ ಹಿಂದಿನ ಅಂಗಳದಲ್ಲಿ ಕೆಲಸಕ್ಕೆ ಹೋಗುವವರ ಆರು ನಾಯಿಗಳನ್ನು ನೋಡಿಕೊಳ್ಳುತ್ತಿದ್ದರು. ಅವರು ಬಕೆಟ್ ತೊಳೆಯುತ್ತಿದ್ದರು, ನಾನು ಚೀಟಿ ತೆಗೆದೆ.

"ಸಿಬ್ಬಂದಿ ಮತ್ತು ನಾಯಿಗಳ ಅನುಪಾತ ಎಷ್ಟು?"

"ಅನುಪಾತ ಅಂದ್ರೇನಮ್ಮ?"

"ನಂಗೂ ಗೊತ್ತಿಲ್ಲ ಆಯಮ್ಮ. ಬರೆದಿದಾರೆ."

"ಆರು ನಾಯಿ, ನಾನೊಬ್ಬಳು. ನನ್ನ ಬಾಯಿನೂ ಲೆಕ್ಕಕ್ಕೆ ತಗೊಂಡ್ರೆ ಇಬ್ಬರು."

"ತುರ್ತು ನಿರ್ಗಮನದ ಯೋಜನೆ ಇದೆಯಾ?"

"ಬಾಗಿಲು ತೆಗೀತೀನಿ."

"ಸಿಬ್ಬಂದಿಯ ವಿದ್ಯಾರ್ಹತೆ?"

ಅವರು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತರು. "ನಾಲ್ಕನೇ ಕ್ಲಾಸು. ನಿಂದು?"

"ಏಳು. ಪೂರ್ತಿ ಅಲ್ಲ."

"ಹಾಗಾದ್ರೆ ನಂಗಿಂತ ಮೂರು ಕ್ಲಾಸು ಜಾಸ್ತಿ ಭಯ ನಿಂಗೆ. ಇನ್ನೇನಿದೆ ಕೇಳು."

"ಮೊದಲ ದಿನ ಮಾಲೀಕರು ಜೊತೆಗೆ ಇರಬಹುದಾ?"

"ಇರು. ಆದ್ರೆ ಅಳಬಾರದು. ನೀನು ಅತ್ರೆ ಅದೂ ಅಳುತ್ತೆ. ಶಿಶುವಿಹಾರದಲ್ಲೂ ಅಷ್ಟೇ, ಮಕ್ಕಳು ಬೇಗ ಸುಮ್ಮನಾಗ್ತಿದ್ವು, ಅಮ್ಮಂದಿರನ್ನ ಸಮಾಧಾನ ಮಾಡೋದೇ ಹೆಣಗಾಟ."

ಆಮೇಲೆ ಅವರು ಒಂದೇ ಒಂದು ಪ್ರಶ್ನೆ ಕೇಳಿದರು. "ಒಗೆಯದೇ ಇರೋ ನಿನ್ನ ಹಳೇ ಬಟ್ಟೆ ಒಂದು ತರ್ತೀಯಾ?" ಅದು ಯಾಕೆಂದು ಮರುದಿನ ಕಂಡಿತು. ಮಧ್ಯಾಹ್ನ ಒಂದು ಗಂಟೆಗೆ ಆಯಮ್ಮ ಶಿಶುವಿಹಾರದಲ್ಲಿ ಮಾಡುತ್ತಿದ್ದ ಹಾಗೇ ಚಾಪೆ ಹಾಸುತ್ತಾರೆ, ಒಂದೊಂದು ಚಾಪೆಯ ಮೇಲೆ ಆಯಾ ನಾಯಿಯ ಮನೆಯ ಬಟ್ಟೆ ಇಡುತ್ತಾರೆ, ಹಾಜರಿ ಕೂಗುತ್ತಾರೆ. ಹೆಸರು ಕರೆದ ನಾಯಿ ತನ್ನ ಮನೆಯ ವಾಸನೆಯ ಮೇಲೆ ಮೂಗಿಟ್ಟು ಮಲಗುತ್ತದೆ. ಚಿಂದಿ ನನ್ನ ಹಳೇ ರವಿಕೆಯ ಮೇಲೆ ಮಲಗಿತು. ಆಯಮ್ಮ ಹೇಳಿದ್ದರಿಂದ ನಾನು ಅಲ್ಲಿ ಅಳಲಿಲ್ಲ, ಬೀದಿಗೆ ಬಂದ ಮೇಲೆ ಅತ್ತೆ.

ಇಷ್ಟು ನೋಡಿದ ಮೇಲಾದರೂ ಸುಮ್ಮನಿರಬೇಕಿತ್ತು, ಇರಲಿಲ್ಲ. ಅನುಪಾತ, ತುರ್ತು ನಿರ್ಗಮನ, ವಿದ್ಯಾರ್ಹತೆ, ಈ ಮೂರು ಮುಳ್ಳಿನ ಹಾಗೆ ಚುಚ್ಚುತ್ತಿದ್ದವು. ದೊಡ್ಡವರು ಗೋಡೆಗೆ ಅಂಟಿಸಿದ್ದಾರೆಂದರೆ ಸುಮ್ಮನೆ ಅಂಟಿಸಿರುತ್ತಾರೆಯೇ? ಊಟದ ಬಿಡುವಿನಲ್ಲಿ ನಿಮಗೆ ಬರೆದೆ: 'ನಮ್ಮ ಬೀದಿಯ ಆಯಮ್ಮನಿಗೆ ಈ ಮೂರಕ್ಕೆ ಸರಿಯಾದ ಉತ್ತರ ಗೊತ್ತಿಲ್ಲ. ಉಳಿದಂತೆ ಬಹಳ ಒಳ್ಳೆಯವರು. ಇಂಥವರ ಹತ್ತಿರ ನಾಯಿ ಬಿಡಬಹುದೇ? ದಯವಿಟ್ಟು ತಿಳಿಸಿ.' ಉತ್ತರ ಬರಲಿಲ್ಲ. ಐದು ವಾರ ಚಿಂದಿ ಅಲ್ಲಿಗೆ ಹೋಗಿ ಬಂತು. ಬೆಳಿಗ್ಗೆ ನನ್ನನ್ನೇ ಎಳೆದುಕೊಂಡು ಹೋಗುತ್ತಿತ್ತು. ಮಹಡಿಯ ದಾದಿ ಮೆಟ್ಟಿಲಲ್ಲಿ ಸಿಕ್ಕಾಗ ನಗಲು ಶುರು ಮಾಡಿದ್ದಳು. ನಾನು ಕಾಗದವನ್ನೇ ಮರೆತೆ. ಜೀವನದಲ್ಲಿ ಒಂದು ಚಿಂತೆಯನ್ನು ಮರೆತದ್ದು ಅದೇ ಮೊದಲು, ನೋಡಿ ಅದರ ಫಲ.

ಆರನೆಯ ವಾರ ನಿಮ್ಮ ಇಬ್ಬರು ಸಿಬ್ಬಂದಿ ಬಂದು ಅಂಗಳಕ್ಕೆ ಬೀಗ ಜಡಿದು ಅರಗಿನ ಮುದ್ರೆ ಒತ್ತಿ ಹೋದರು. ಗೇಟಿನ ಮೇಲೆ ನೋಟಿಸು: 'ಸಾರ್ವಜನಿಕರ ದೂರಿನ ಮೇರೆಗೆ. ಒಂದು, ಅನುಪಾತದ ಅರಿವಿಲ್ಲ. ಎರಡು, ನಿರ್ಗಮನ ಯೋಜನೆಯಿಲ್ಲ. ಮೂರು, ವಿದ್ಯಾರ್ಹತೆಯಿಲ್ಲ.' ನನ್ನ ಮೂರು ಮುಳ್ಳು, ನಾನು ಬರೆದ ಅದೇ ಸಾಲಿನಲ್ಲಿ. 'ಉಳಿದಂತೆ ಬಹಳ ಒಳ್ಳೆಯವರು' ಎಂದೂ ಬರೆದಿದ್ದೆನಲ್ಲ, ಅದಕ್ಕೆ ನೋಟಿಸಿನಲ್ಲಿ ಜಾಗ ಸಾಲಲಿಲ್ಲವೇ?

ಮಾರನೆಯ ದಿನವೇ ನಿಮ್ಮ ಕಚೇರಿಯ ಮೂರನೆಯ ಕಿಟಕಿಗೆ ಬಂದೆ. ಅಲ್ಲಿದ್ದ ಗುಮಾಸ್ತರು ಸಭ್ಯರು, ಅದನ್ನೂ ದಾಖಲಿಸುತ್ತೇನೆ.

"ದೂರು ವಾಪಸ್ ತಗೋಬೇಕಿತ್ತು ಸಾರ್."

"ದೂರಿನ ಸಂಖ್ಯೆ?"

"ನಾನು ದೂರು ಕೊಟ್ಟಿಲ್ಲ."

"ಕೊಡದೇ ಇರೋದನ್ನ ವಾಪಸ್ ಹೇಗಮ್ಮ ತಗೋತೀರ?"

"ಹಾಗಾದ್ರೆ ಬೀಗ ಯಾಕೆ ಹಾಕಿದ್ರಿ?"

"ದೂರು ಬಂತಲ್ಲ."

"ಅದು ನನ್ನದೇ ಸಾರ್."

"ನಿಮ್ಮದು ಅಂತ ನಾನು ಹೇಳೋ ಹಾಗಿಲ್ಲ. ದೂರುದಾರರ ಹೆಸರು ಗೋಪ್ಯ. ನಿಮ್ಮ ರಕ್ಷಣೆಗೇ."

ನನ್ನಿಂದ ನನ್ನನ್ನು ರಕ್ಷಿಸಿದ್ದಕ್ಕೆ ಕೃತಜ್ಞಳು. ಅವರು ನನಗೆ ಅಂಗೀಕೃತ ಕೇಂದ್ರಗಳ ಪಟ್ಟಿ ಕೊಟ್ಟರು. ನಮ್ಮ ಬಸ್ಸಿನ ದಾರಿಯಲ್ಲಿದ್ದದ್ದು ಒಂದೇ. ಗಾಜಿನ ಬಾಗಿಲು, ಚೌಕಟ್ಟಿನೊಳಗೆ ನಿಮ್ಮ ಪ್ರಮಾಣಪತ್ರ, ಪಕ್ಕದಲ್ಲಿ ಹದಿನಾಲ್ಕು ಪ್ರಶ್ನೆಗೂ ಹದಿನಾಲ್ಕು ಉತ್ತರ ಅಚ್ಚು ಹಾಕಿಸಿ ತೂಗುಹಾಕಿದ್ದರು. ಕೇಳುವ ಮೊದಲೇ ಉತ್ತರ ಸಿಕ್ಕಿದ್ದರಿಂದ ನನಗೆ ಕೇಳಲು ಏನೂ ಉಳಿಯಲಿಲ್ಲ. ದಿನಾ ಸಂಜೆ ಚಿಂದಿಯ ಜೊತೆ ಮನೆಗೆ ಬರುತ್ತಿದ್ದ ನನ್ನ ಹಳೇ ರವಿಕೆಯನ್ನು ಅಲ್ಲಿಗೂ ಒಯ್ದಿದ್ದೆ, ವಾಪಸ್ ಕೊಟ್ಟರು, ಹೊರಗಿನ ಬಟ್ಟೆ ನೈರ್ಮಲ್ಯಕ್ಕೆ ವಿರುದ್ಧವಂತೆ. ದಿನಾ ಹನ್ನೆರಡಕ್ಕೆ ಫೋನಿಗೆ ಒಂದು ಫೋಟೋ ಬರುತ್ತಿತ್ತು: ಹಸಿರು ನೆಲಹಾಸಿನ ಮೇಲೆ ಚೆಂಡಿನ ಪಕ್ಕ ನಿಂತ ಚಿಂದಿ. ಬಟ್ಟೆ ಕೋಣೆಯವರೆಲ್ಲ ನೋಡಿ, "ಅಬ್ಬಾ, ನಮಗಿಂತ ಚೆನ್ನಾಗಿದೆ ಅದರ ಬಾಳು" ಎಂದರು. ನಾನೂ ಹಾಗೆಂದೇ ಅಂದುಕೊಂಡೆ.

ಎರಡನೆಯ ವಾರದ ಮಂಗಳವಾರ ಸಂಜೆ ಚಿಂದಿಯ ಅಂಗಿ ಭುಜದ ಹತ್ತಿರ ಹರಿದಿರುವುದು ಕಂಡಿತು. ಶಸ್ತ್ರಚಿಕಿತ್ಸೆಯ ಕೋಣೆಯ ಹಸಿರು ಬಟ್ಟೆಯ ಚೂರಿತ್ತು, ಚೌಕವಾಗಿ ಕತ್ತರಿಸಿ ತೇಪೆ ಹಾಕಿದೆ. ಬುಧವಾರ ಹನ್ನೆರಡಕ್ಕೆ ಫೋಟೋ ಬಂತು. ತೇಪೆ ಇಲ್ಲ. ಹರಿದದ್ದೂ ಇಲ್ಲ. ಮಾನ್ಯರೇ, ನಾನು ಓದಿದವಳಲ್ಲ, ಆದರೆ ಹತ್ತೊಂಬತ್ತು ವರ್ಷದಿಂದ ತೇಪೆ ಹಾಕುತ್ತಿದ್ದೇನೆ. ನನ್ನ ತೇಪೆ ಎಲ್ಲಿದೆ, ಎಲ್ಲಿಲ್ಲ ಎನ್ನುವುದಕ್ಕೆ ನನಗೆ ಪ್ರಮಾಣಪತ್ರ ಬೇಡ. ಹಿಂದಿನ ಫೋಟೋಗಳನ್ನು ತೆಗೆದು ನೋಡಿದೆ. ಮೂರೇ ಮೂರು ಫೋಟೋ, ಸರದಿಯ ಮೇಲೆ ಬಂದಿದ್ದವು.

ಅರ್ಧ ದಿನ ರಜೆ ಹಾಕಿ ಹೋದೆ. ಮೇಜಿನ ಹಿಂದಿದ್ದ ಹುಡುಗಿ, "ಮೇಡಂ, ಭೇಟಿ ಸಮಯ ಐದು ಗಂಟೆ" ಎಂದಳು. ನಾನು ಒಳಗೆ ನಡೆದೆ. ಹಸಿರು ನೆಲಹಾಸು ಇತ್ತು, ಚೆಂಡೂ ಇತ್ತು, ನಾಯಿಗಳಿರಲಿಲ್ಲ. ಅವು ಹಿಂದಿನ ಕೋಣೆಯಲ್ಲಿ, ತಂತಿ ಪೆಟ್ಟಿಗೆಗಳಲ್ಲಿ, ಒಂದರ ಮೇಲೊಂದು ಮೂರು ಸಾಲಾಗಿ ಇದ್ದವು. ಚಿಂದಿ ಮಧ್ಯದ ಸಾಲಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿತ್ತು, ಭುಜದ ಮೇಲೆ ನನ್ನ ಹಸಿರು ತೇಪೆ. ಅಷ್ಟು ನಾಯಿಗಳಲ್ಲಿ ಒಂದೂ ಬೊಗಳುತ್ತಿರಲಿಲ್ಲ. ಆ ಹುಡುಗಿ ಹಿಂದೆಯೇ ಓಡಿಬಂದು ಮೆಲ್ಲಗೆ ಹೇಳಿದಳು: "ಆರನೇ ಉತ್ತರ ಓದಿ ಮೇಡಂ. ಪ್ರತಿ ನಾಯಿಗೂ ಪ್ರತ್ಯೇಕ ವಿಶ್ರಾಂತಿ ಸ್ಥಳ." ನಿಜ, ಪ್ರತ್ಯೇಕವಾಗಿಯೇ ಇತ್ತು. ಹದಿನಾಲ್ಕು ಉತ್ತರಗಳಲ್ಲಿ ಒಂದೂ ಸುಳ್ಳಲ್ಲ, ಅದೇ ನನ್ನ ತಕರಾರು. ನಿಮ್ಮವರು ತಪಾಸಣೆಗೆ ಬರುವುದು ವಾರ ಮೊದಲೇ ತಿಳಿಸಿ, ಬೆಳಿಗ್ಗೆ ಹತ್ತಕ್ಕಂತೆ. ನೆಲಹಾಸಿಗೂ ಚೆಂಡಿಗೂ ಅಷ್ಟು ಸಮಯ ಸಾಕು.

ಅವತ್ತೇ ಚಿಂದಿಯನ್ನು ಮನೆಗೆ ತಂದೆ. ಅಂದಿನಿಂದ ನಾನೊಂದು ದಿನ, ಗಂಡ ಒಂದು ದಿನ ರಜೆ ಹಾಕಿ ಕಾಯುತ್ತಿದ್ದೇವೆ. ಒಂಬತ್ತು ದಿನವಾಯಿತು, ಮನೆಯೊಳಗೆ ಚಿಂದಿ ಒಮ್ಮೆಯೂ ಬೊಗಳಿಲ್ಲ. ಬಾಗಿಲು ಬಡಿದರೂ ಇಲ್ಲ. ಮನುಷ್ಯರು ಪಕ್ಕದಲ್ಲಿ ಕೂರದಿದ್ದರೆ ತಟ್ಟೆ ಮೂಸುವುದೂ ಇಲ್ಲ. ಮಾಲೀಕರು ಮೊನ್ನೆ ಬಾಗಿಲಲ್ಲಿ ನಿಂತು, "ಪರವಾಗಿಲ್ಲಮ್ಮ, ಒಳ್ಳೇ ಕಡೆ ಬಿಟ್ಟಿದ್ರಿ ಅನ್ಸುತ್ತೆ. ಎಷ್ಟು ಬುದ್ಧಿ ಬಂದಿದೆ" ಎಂದು ಮೆಚ್ಚಿ ಹೋದರು. ಬರುವ ಸೋಮವಾರಕ್ಕೆ ನಮ್ಮಿಬ್ಬರ ರಜೆಯೂ ಮುಗಿಯುತ್ತದೆ. ಆಮೇಲೆ ಅದನ್ನು ಒಬ್ಬಂಟಿ ಬಿಟ್ಟು ಬೀಗ ಹಾಕಿ ಹೋಗಬೇಕು, ಅಥವಾ ಆ ಪೆಟ್ಟಿಗೆಗೆ ವಾಪಸ್ ಕೊಡಬೇಕು. ನೀವಾದರೆ ಯಾವುದನ್ನು ಆರಿಸುತ್ತಿದ್ದಿರಿ?

ಆಯಮ್ಮನಿಗೆ ನಿಜ ಹೇಳುವ ಧೈರ್ಯ ಬರಲು ಇಷ್ಟು ದಿನ ಬೇಕಾಯಿತು. "ಬೀಗ ಹಾಕಿಸಿದ್ದು ನಾನೇ ಆಯಮ್ಮ" ಎಂದೆ. ಅವರು ಕಾಳು ಆರಿಸುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ.

"ಗೊತ್ತು ಕಣಮ್ಮ. ಚೀಟಿ ಹಿಡ್ಕೊಂಡು ಬಂದಿದ್ದು ನೀನೊಬ್ಬಳೇ ತಾನೇ."

"ಬೈಯಿರಿ."

"ಯಾಕೆ ಬೈಲಿ? ಕೇಳಿ ಬಿಡೋರು ನಂಗೆ ಇಷ್ಟ. ಏನೂ ಕೇಳದೆ ಹಗ್ಗ ಕೈಗಿಟ್ಟು ಓಡೋರಿದಾರಲ್ಲ, ಅವರನ್ನ ಕಂಡ್ರೇ ಭಯ." ಆಮೇಲೆ, "ಏಳೂ ಚಾಪೆ ಒಳಗೇ ಉಳಿದ್ವು, ಇಲಿ ಕಡೀತಾವೋ ಏನೋ" ಎಂದರು.

ನನ್ನ ಬೇಡಿಕೆ ಹೆಚ್ಚಿಲ್ಲ. ಸೋಮವಾರದೊಳಗೆ ಒಂದು ದಿನ, ಯಾರಿಗೂ ತಿಳಿಸದೆ, ಮಧ್ಯಾಹ್ನ ಒಂದು ಗಂಟೆಗೆ ನೀವೇ ಆ ಗಾಜಿನ ಬಾಗಿಲು ತಳ್ಳಿ ಹಿಂದಿನ ಕೋಣೆಯವರೆಗೆ ನಡೆಯಬೇಕು. ನಂತರ ನಮ್ಮ ಬೀದಿಗೆ ಬಂದು ಬೀಗ ತೆಗೆಸಬೇಕು. ನಿಮ್ಮ ಭಿತ್ತಿಪತ್ರಕ್ಕೆ ಹದಿನೈದನೆಯ ಪ್ರಶ್ನೆ ಸೇರಿಸಬೇಕು: 'ಒಂದು ಗಂಟೆಗೆ ನಾಯಿಗಳು ಏನು ಮಾಡುತ್ತಿರುತ್ತವೆ?' ಇದಕ್ಕೆ ಉತ್ತರ ಅಚ್ಚು ಹಾಕಿಸುವುದು ಕಷ್ಟ.

ನಿನ್ನೆ ಚಿಂದಿಯನ್ನು ಸುತ್ತಾಡಿಸಲು ಕರೆದೊಯ್ದಾಗ ಅದು ಆಯಮ್ಮನ ಗೇಟಿನ ಮುಂದೆ ಕೂತುಬಿಟ್ಟಿತು. ಸರಿಯಾಗಿ ನಿಮ್ಮ ನೋಟಿಸಿನ ಕೆಳಗೆ. ಗೇಟಿನ ಅಡಿಯ ಸಂದಿಗೆ ಮೂಗು ಹಾಕಿ ತುಂಬಾ ಹೊತ್ತು ಮೂಸಿತು. ಒಳಗೆ ಈಗ ನನ್ನ ಬಟ್ಟೆಯೇನೂ ಇಲ್ಲ, ಇರುವುದು ಖಾಲಿ ಚಾಪೆ. ಆಮೇಲೆ ಒಂದೇ ಒಂದು ಸಲ ಬೊಗಳಿತು. ಎಂಟು ದಿನದ ಮೇಲೆ. ಎದುರು ಮನೆಯ ಕಿಟಕಿ ತೆರೆಯಿತು, ಯಾರೋ "ಏನದು ಗಲಾಟೆ" ಎಂದರು. ನಾನು ಕ್ಷಮೆ ಕೇಳಲಿಲ್ಲ. ಕ್ಷಮೆ ಕೇಳದೆ ಮನೆಗೆ ಬಂದದ್ದೂ ಅದೇ ಮೊದಲು.

ಕೊನೆಯದಾಗಿ ಒಂದು ಸ್ಪಷ್ಟನೆ. ಹಿಂದಿನ ಸಲ ನಾನು ಪ್ರಶ್ನೆ ಕೇಳಿದೆ, ನೀವು ದೂರೆಂದು ದಾಖಲಿಸಿಕೊಂಡಿರಿ. ಇದು ದೂರು. ದಯಮಾಡಿ ಇದನ್ನು ಪ್ರಶ್ನೆಯೆಂದು ತಿಳಿದು ಉತ್ತರಿಸದೆ ಇಟ್ಟುಬಿಡಬೇಡಿ.

ಇಂತಿ,
ನಿಮ್ಮ ಕಡತದಲ್ಲಿ ಹೆಸರು ಗೋಪ್ಯವಾಗಿಯೇ ಉಳಿದಿರುವ,
ಮನೆಯ ಬೀಗವನ್ನು ಎರಡೆರಡು ಸಲ ನೋಡಿ ಇನ್ನೊಬ್ಬರ ಗೇಟಿಗೆ ಬೀಗ ಹಾಕಿಸಿದ,
ಬಟ್ಟೆ ಕೋಣೆಯ ತೇಪೆಯವಳು